ಬಂಗಲೆಯ ಭಯ, ಬಂಡೆಯ ಭಯ

ಹಳೆಯ ಬ್ರಿಟಿಷ್ ದೆವ್ವದ ಸಿನಿಮಾ ಎಂದೊಡನೆ ಊರಾಚೆಯ ಒಂಟಿ ಬಂಗಲೆ, ಮೇಣದಬತ್ತಿ ಹಿಡಿದು ಕತ್ತಲಲ್ಲಿ ನಡೆಯುವ ಹೆಣ್ಣು ಕಣ್ಣ ಮುಂದೆ ಬರುತ್ತವೆ. ಜಾಕ್ ಕ್ಲೇಟನ್ ನಿರ್ದೇಶನದ ‘ದಿ ಇನ್ನೊಸೆಂಟ್ಸ್’ (1961) ಈ ಬಗೆಯ ಸಿನಿಮಾಗಳಲ್ಲಿ ಅಗ್ರಗಣ್ಯ. ಇಬ್ಬರು ಅನಾಥ ಮಕ್ಕಳಿಗೆ ಪಾಠ ಹೇಳಲು ಹಳ್ಳಿಗಾಡಿನ ಬಂಗಲೆಗೆ ಬರುವ ಶಿಕ್ಷಕಿಗೆ (ಡೆಬೊರಾ ಕೆರ್) ಸತ್ತವರು ಕಾಣಿಸತೊಡಗುತ್ತಾರೆ. ಕಂಡದ್ದು ದೆವ್ವವೋ ಅವಳ ಮನಸ್ಸಿನ ಸೃಷ್ಟಿಯೋ, ಸಿನಿಮಾ ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ. ಆದರೆ ಅವಳ ಭಯಕ್ಕೆ ಬಲಿಯಾಗುವುದು ಒಬ್ಬ ಹುಡುಗ. ಇದೇ ಪರಂಪರೆಯ ಇನ್ನೊಂದು ಮಹತ್ವದ ಚಿತ್ರ ರೂಪುಗೊಂಡದ್ದು ನಮ್ಮ ರಾಮನಗರ–ಮಾಗಡಿ ಸೀಮೆಯಲ್ಲಿ ಎಂಬುದು ನನ್ನ ವಾದ. ಅದು ಡೇವಿಡ್ ಲೀನ್ ಅವರ ಕೊನೆಯ ಚಿತ್ರ ‘ಎ ಪ್ಯಾಸೇಜ್ ಟು ಇಂಡಿಯಾ’ (1984). ಅಲ್ಲಿ ಬಂಗಲೆಯ ಪಾತ್ರ ವಹಿಸಿದ್ದು ರಾಮದೇವರಬೆಟ್ಟ ಮತ್ತು ಸಾವನದುರ್ಗದ ಬಂಡೆಗಳು.

ಇ.ಎಂ. ಫಾರ್‌ಸ್ಟರ್ 1924ರ ಕಾದಂಬರಿಯಲ್ಲಿ ಕಲ್ಪಿಸಿದ ಮರಬಾರ್ ಗುಹೆಗಳಿಗೆ ಬಿಹಾರದ ಬರಾಬರ್ ಗುಹೆಗಳೇ ಮೂಲ. ಲೀನ್ ಅವುಗಳನ್ನು ಬಿಟ್ಟು ನಮ್ಮ ಬೆಟ್ಟಗಳನ್ನು ಆರಿಸಿಕೊಂಡರು. ಭಾರತಕ್ಕೆ ಬಂದ ಇಂಗ್ಲಿಷ್ ಯುವತಿ ಅಡೆಲಾ (ಜೂಡಿ ಡೇವಿಸ್) ಗುಹೆ ಹೊಕ್ಕಾಗ ಕಾದಂಬರಿ ಅವಳನ್ನು ಅಲ್ಲಿಗೆ ಕರೆತಂದ ಭಾರತೀಯ ಡಾಕ್ಟರ್ ಅಜೀಜ್ ಜೊತೆಯಲ್ಲೇ ಉಳಿಯುತ್ತದೆ. ಲೀನ್ ಮಾತ್ರ ಕ್ಯಾಮೆರಾವನ್ನು ಅವಳೊಂದಿಗೆ ಒಳಕ್ಕೆ ಒಯ್ಯುತ್ತಾರೆ. ಬೆಂಕಿಕಡ್ಡಿಯ ಬೆಳಕು, ಬಂಡೆಯ ಮಾರ್ದನಿ, ಗುಹೆಯ ಬಾಯಲ್ಲಿ ಅಜೀಜ್‌ನ ಕರಿಯ ಆಕೃತಿ, ಆಮೇಲೆ ಕತ್ತಲು. ಒಳಗೇ ಇದ್ದರೂ ನಮಗೆ ಏನೂ ತಿಳಿಯದು. ಹೊರಗೆ ಉರಿಬಿಸಿಲು; ಭಯಕ್ಕೆ ರಾತ್ರಿಯೇ ಬೇಕಿಲ್ಲ. ಕ್ಲೇಟನ್‌ರ ಚಿತ್ರದಲ್ಲೂ ಸತ್ತ ಹೆಂಗಸು ಕೆರೆಯಾಚೆಯ ಜೊಂಡಿನ ನಡುವೆ ಹಾಡಹಗಲೇ ನಿಂತಿರುತ್ತಾಳೆ. ಇದೇ ರಾಮದೇವರಬೆಟ್ಟ ‘ಶೋಲೆ’ಯಲ್ಲಿ (1975) ದರೋಡೆಕೋರರ ಬಯಲು ಕೋಟೆಯಾಗಿತ್ತು. ಕಲ್ಲಿನ ಹರವು ‘ಶೋಲೆ’ಯ ನಿರ್ದೇಶಕ ಸಿಪ್ಪಿಯವರಿಗೆ ದಕ್ಕಿದರೆ, ಅದರ ಒಡಲು ಲೀನ್‌ಗೆ ದಕ್ಕಿತು.

ಲೀನ್‌ರ ಚಿತ್ರ ವಸಾಹತುಶಾಹಿಯ ಕಥೆ, ದೆವ್ವದ್ದಲ್ಲ ಎನ್ನಬಹುದು. ಅದು ನಿಜ, ಆದರೆ ಎರಡರ ಎಲುಬು ಒಂದೇ. ಹೆದರಿದ ಒಂಟಿ ಹೆಣ್ಣಿನ ಮಾತಿಗೆ ನಿರಪರಾಧಿ ತೆರುವ ಬೆಲೆಯೇ ಇಲ್ಲಿಯೂ ಕೇಂದ್ರ. ಗುಹೆಯಲ್ಲಿ ತನ್ನ ಮೇಲೆ ಕೈಮಾಡಿದನೆಂಬ ಅಡೆಲಾಳ ಆರೋಪಕ್ಕೆ ಅಜೀಜ್ ಕಟಕಟೆ ಹತ್ತುತ್ತಾನೆ. ಅಡೆಲಾ ಕೋರ್ಟಿನಲ್ಲಿ ಆರೋಪ ಹಿಂದೆಗೆದುಕೊಂಡರೂ ಅವನ ಬದುಕು ಮೊದಲಿನಂತಾಗುವುದಿಲ್ಲ. ಆಳುವವರ ಭಯಕ್ಕೆ ಪೊಲೀಸು, ನ್ಯಾಯಾಲಯಗಳ ಬಲ ಸಿಕ್ಕರೆ ಅದು ಯಾವ ದೆವ್ವಕ್ಕಿಂತಲೂ ಕ್ರೂರ. ಗುಹೆಯ ಬಾಯಿಗಳನ್ನು ಚಿತ್ರತಂಡವೇ ಕೊರೆಸಿತ್ತಲ್ಲ, ಬಂಡೆಯ ಹೆಚ್ಚುಗಾರಿಕೆ ಏನು ಎಂಬುದು ಎರಡನೆಯ ತಕರಾರು. ಬಾಯಿಯನ್ನು ಕೊರೆಯಬಹುದು, ಅದರ ಸುತ್ತಲಿನ ಬೋಳು ಕಲ್ಲಿನ ಮೌನವನ್ನು ಯಾರೂ ಕೊರೆದು ತರಲಾರರು.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು. ನಮ್ಮ ಜನಕ್ಕೆ ಇವು ದೇವರ ಬೆಟ್ಟಗಳು, ಇಲ್ಲಿ ಭಯ ಕಾಣುವುದು ಪರದೇಶಿಯ ಕಣ್ಣು. ಲೀನ್ ಮಟ್ಟಿಗೆ ಇದನ್ನು ಒಪ್ಪುತ್ತೇನೆ. ಆದರೆ ಸಾವನದುರ್ಗದ ಬುಡದಲ್ಲಿ ನೆಲೆಸಿರುವವರು ವೀರಭದ್ರ ಮತ್ತು ನರಸಿಂಹ. ಇಬ್ಬರೂ ಸಿಟ್ಟಿನ ರೂಪದ ದೇವರು. ಅಂಜಿಕೆ ಮತ್ತು ಭಕ್ತಿ ಒಂದೇ ಕಲ್ಲಿನಲ್ಲಿ ಇರಬಲ್ಲವು ಎಂಬುದು ಇಲ್ಲಿ ಕೈಮುಗಿಯುವವರಿಗೆ ಗೊತ್ತು. ಅದು ಅಡೆಲಾಗೆ ಗೊತ್ತಿರಲಿಲ್ಲ. ಆ ಅರಿವಿನಿಂದ ಹುಟ್ಟುವ ಭಯದ ಚಿತ್ರ ಬೇರೆಯೇ ಆದೀತು: ಅದು ಪರರನ್ನು ಕಟಕಟೆಗೆ ಎಳೆಯದು, ಹೆದರಿದವರನ್ನೇ ತಮ್ಮ ತಪ್ಪಿನೆದುರು ನಿಲ್ಲಿಸೀತು. ‘ಆಪ್ತಮಿತ್ರ’ (2004) ಹಳೆಯ ಅರಮನೆಯ ಮುಚ್ಚಿದ ಕೋಣೆಯೊಂದರಿಂದ ನಾಡನ್ನೇ ನಡುಗಿಸಿತು. ಆಮೇಲೂ ನಮ್ಮ ನಿರ್ದೇಶಕರು ಬಂಗಲೆಗಳನ್ನೇ ಹುಡುಕುತ್ತಾ ಹೋಗುವುದೇಕೆ? ಹಗಲು ಹೊತ್ತಿನಲ್ಲಿ, ಕೈಮುಗಿದುಕೊಂಡೇ ಹೆದರುವ ಸಿನಿಮಾ ನಮ್ಮ ಬಂಡೆಗಳಲ್ಲಿ ಇನ್ನೂ ಕಾದಿದೆ.