ಎಕ್ಸ್‌ಚೇಂಜ್ ಮನೆಯಲ್ಲಿ ಪಟಾಲಮ್ಮಿನ ದರ್ಬಾರು

ಚೆನ್ನೈನ ಕೋಟೆ ಮ್ಯೂಸಿಯಂ ನೋಡಬೇಕೆಂದರೆ ಮೊದಲು ಪೊಲೀಸರ ತಪಾಸಣೆ ದಾಟಬೇಕು. ಸೇಂಟ್ ಜಾರ್ಜ್ ಕೋಟೆಯೊಳಗೇ ತಮಿಳುನಾಡಿನ ವಿಧಾನಸಭೆ, ಸಚಿವಾಲಯ ಎರಡೂ ಇವೆ. ಫೈಲು ಹಿಡಿದು ಅವಸರದಲ್ಲಿ ಓಡಾಡುವವರ ನಡುವೆ ಮ್ಯೂಸಿಯಂಗೆ ಬಂದವರು ಥಟ್ಟನೆ ಕಣ್ಣಿಗೆ ಬೀಳುತ್ತಾರೆ.

ಕಟ್ಟಡ 1795ರದು. ಆಗ ಇದು ಪಬ್ಲಿಕ್ ಎಕ್ಸ್‌ಚೇಂಜ್. ವರ್ತಕರು, ದಲ್ಲಾಳಿಗಳು, ಹಡಗಿನ ಕಪ್ತಾನರು ಇಲ್ಲಿ ಸೇರಿ ವ್ಯವಹಾರ ಕುದುರಿಸುತ್ತಿದ್ದರು. ಮದ್ರಾಸ್ ಬ್ಯಾಂಕಿನ ಕಚೇರಿಯೂ ಇಲ್ಲೇ ಇತ್ತು. ಮಹಡಿಯ ಉದ್ದನೆಯ ಹಾಲ್‌ನಲ್ಲಿ ಸಾರ್ವಜನಿಕ ಸಭೆಗಳು ನಡೆಯುತ್ತಿದ್ದವು, ಲಾಟರಿ ಎತ್ತುತ್ತಿದ್ದರು, ಮನರಂಜನೆಯೂ ಇರುತ್ತಿತ್ತು. ಛಾವಣಿಯ ಮೇಲೆ 1796ರಿಂದ 1844ರವರೆಗೆ ಎಣ್ಣೆದೀಪ ಉರಿಸಿ ಹಡಗುಗಳಿಗೆ ದಾರಿ ತೋರಿಸಿದರು. ಮದ್ರಾಸಿನ ಮೊದಲ ಲೈಟ್‌ಹೌಸ್ ಅದು. ಸೆಂಟ್ರಲ್ ನಿಲ್ದಾಣದ ಬಳಿ ವಿಕ್ಟೋರಿಯಾ ಪಬ್ಲಿಕ್ ಹಾಲ್ ಏಳುವುದಕ್ಕೆ ಸುಮಾರು ಒಂದು ಶತಮಾನ ಮೊದಲೇ ಊರಿನ ಪುರಭವನದ ಕೆಲಸವನ್ನು ಈ ಮನೆ ಮಾಡುತ್ತಿತ್ತು.

ಆಮೇಲೆ ಇದು ಸೇನಾಧಿಕಾರಿಗಳ ಮೆಸ್ ಆಯಿತು, 1948ರಲ್ಲಿ ಮ್ಯೂಸಿಯಂ ಆಯಿತು. ಈಗ ಭಾರತೀಯ ಪುರಾತತ್ವ ಇಲಾಖೆಯ ಸುಪರ್ದಿನಲ್ಲಿದೆ. ಮೆಸ್ಸಿನ ವಾಸನೆ ಮಾತ್ರ ಇನ್ನೂ ಹೋಗಿಲ್ಲ. ಆಯುಧ, ಸಮವಸ್ತ್ರ, ಪದಕ, ಪಿಂಗಾಣಿ, ನಾಣ್ಯ ಎಂದು ಕೋಣೆಗಳನ್ನು ಹಂಚಿದ್ದಾರೆ. ಕಪಾಟಿನಲ್ಲಿ ಸಾಮಾನು ಜೋಡಿಸುವವರಿಗೆ ಇದು ಸಲೀಸು. ಊರಿನ ಕಥೆ ಕೇಳಲು ಬಂದವರು ತಾವೇ ಒಂದೊಂದು ಎಳೆ ಹೆಕ್ಕಿ ಹೊಸೆದುಕೊಳ್ಳಬೇಕು. ಎಕ್ಸ್‌ಚೇಂಜಿನ ಹಾಲ್‌ನಲ್ಲಿ ಈಗ ಮೂರನೇ ಜಾರ್ಜ್, ರಾಣಿ ಷಾರ್ಲೆಟ್ ಮುಂತಾದವರ ಆಳೆತ್ತರದ ಚಿತ್ರಪಟಗಳು ರಾರಾಜಿಸುತ್ತಿವೆ.

ಕನ್ನಡಿಗರ ಕಾಲು ತಡೆಯುವುದು ಟಿಪ್ಪುವನ್ನು ಸೋಲಿಸಿದ ಲಾರ್ಡ್ ಕಾರ್ನ್‌ವಾಲಿಸನ ಪ್ರತಿಮೆಯ ಮುಂದೆ. ಲಂಡನ್ನಿನ ಶಿಲ್ಪಿ ಥಾಮಸ್ ಬ್ಯಾಂಕ್ಸ್ ಕಡೆದ, ಹದಿನಾಲ್ಕೂವರೆ ಅಡಿ ಎತ್ತರದ ಅಮೃತಶಿಲೆಯ ಪ್ರತಿಮೆ ಇದು. 1800ರಲ್ಲಿ ಕೋಟೆಯ ಮೈದಾನದಲ್ಲಿ ನಿಲ್ಲಿಸಿದ್ದು, ಊರಲ್ಲಿ ಹಲವು ಕಡೆ ತಿರುಗಿ ಕೊನೆಗೆ ಇಲ್ಲಿಗೆ ಬಂತು. ತಲೆ ಎತ್ತಿ ಲಾರ್ಡ್ ಸಾಹೇಬನನ್ನು ನೋಡುವುದಕ್ಕಿಂತ ಬಗ್ಗಿ ಪೀಠವನ್ನು ನೋಡಬೇಕು. 1792ರ ಶ್ರೀರಂಗಪಟ್ಟಣ ಒಪ್ಪಂದದ ಒತ್ತೆಯಾಗಿ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒಪ್ಪಿಸುತ್ತಿರುವ ದೃಶ್ಯವನ್ನು ಅಲ್ಲಿ ಕೆತ್ತಲಾಗಿದೆ. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಜೊತೆಗೆ ಎರಡು ಮಕ್ಕಳು! ಚಂದಾ ಎತ್ತಿ ಮಾಡಿಸಿದ ಶಿಲ್ಪದಲ್ಲಿ ಇದೆಲ್ಲ ತಂದೆಯ ವಾತ್ಸಲ್ಯದಂತೆ ಕಾಣುತ್ತದೆ. ಕೆತ್ತನೆ ಸೊಗಸಾಗಿದೆ, ಸುಳ್ಳೂ ಅಷ್ಟೇ ನಯವಾಗಿದೆ.

ಅದಕ್ಕೂ 23 ವರ್ಷ ಮೊದಲು, 1769ರಲ್ಲಿ, ಹೈದರಾಲಿ ಇದೇ ಮದ್ರಾಸಿನ ಬಾಗಿಲಿಗೆ ಕುದುರೆಗಳನ್ನು ತಂದು ನಿಲ್ಲಿಸಿ, ಈಸ್ಟ್ ಇಂಡಿಯಾ ಕಂಪನಿಯಿಂದ ಒಪ್ಪಂದ ಬರೆಸಿಕೊಂಡು ಹೋಗಿದ್ದ. ಅದಕ್ಕೆ ಯಾರೂ ಚಂದಾ ಎತ್ತಲಿಲ್ಲ, ಲಂಡನ್ನಿನಿಂದ ಅಮೃತಶಿಲೆಯೂ ಬರಲಿಲ್ಲ. ಪೀಠದ ಪಕ್ಕದಲ್ಲಿ ಒಂದು ಫಲಕ ಹಾಕಿ ಈ ಎರಡು ಒಪ್ಪಂದಗಳನ್ನು ಎದುರುಬದುರು ಇಟ್ಟರೆ ಸಾಕು, ಇಡೀ ಪ್ರತಿಮೆ ಬೇರೆಯೇ ಮಾತಾಡತೊಡಗುತ್ತದೆ. ಇಲಾಖೆಗೆ ಅದೇನು ದೊಡ್ಡ ಖರ್ಚಲ್ಲ.

ಹಾಗೆಂದು ಎಲ್ಲವೂ ಸಪ್ಪೆಯಲ್ಲ. ಇಲ್ಲೊಂದು ಮರದ ಪಂಜರವಿದೆ, ಮೈ ಮುದುಡಿ ಕೂರಬೇಕಾದಷ್ಟು ಇಕ್ಕಟ್ಟಿನದು. ಮೊದಲ ಅಫೀಮು ಯುದ್ಧದಲ್ಲಿ, 1840ರಲ್ಲಿ, ಮದ್ರಾಸ್ ಫಿರಂಗಿದಳದ ಕ್ಯಾಪ್ಟನ್ ಆನ್‌ಸ್ಟ್ರಥರ್‌ನನ್ನು ಚೀನೀಯರು ಸೆರೆಹಿಡಿದು ಇಂಥದರಲ್ಲಿ ಕೂಡಿದ್ದರು. ಕಂಪನಿಯ ಯುದ್ಧಗಳಿಗೆ ಮದ್ರಾಸು ಎಷ್ಟು ದೂರದವರೆಗೆ ಸೈನಿಕರನ್ನು ಒದಗಿಸಿತ್ತು ಎಂಬುದನ್ನು ಈ ಪಂಜರದಷ್ಟು ಚೆನ್ನಾಗಿ ಯಾವ ಚಿತ್ರಪಟವೂ ಹೇಳುವುದಿಲ್ಲ.

ನೆಟ್ಟಗೆ ಯೋಚಿಸಿ ಮಾಡಿದ ಇನ್ನೊಂದು ಕೆಲಸ ತ್ರಿವರ್ಣ ಧ್ವಜದ ಪ್ರದರ್ಶನ. 1947ರ ಆಗಸ್ಟ್ 15ರ ಬೆಳಗ್ಗೆ ಇದೇ ಕೋಟೆಯ ಮೇಲೆ ಹಾರಿದ ರೇಷ್ಮೆ ಬಾವುಟವನ್ನು 2013ರ ಗಣರಾಜ್ಯೋತ್ಸವದಿಂದ ಗಾಜಿನ ಪೆಟ್ಟಿಗೆಯಲ್ಲಿಟ್ಟು ಜನರಿಗೆ ತೋರಿಸುತ್ತಿದ್ದಾರೆ. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲದ ಬಟ್ಟೆ. ತೇವ ತಾಗದಂತೆ ಸಿಲಿಕಾ ಜೆಲ್ ಇಟ್ಟಿದ್ದಾರೆ. ವಸ್ತು ಯಾವ ದಿನದ್ದು, ಎಲ್ಲಿಯದು, ಇಲ್ಲೇಕಿದೆ ಎಂಬ ಮೂರು ಪ್ರಶ್ನೆಗೂ ಇಲ್ಲಿ ಉತ್ತರ ಸಿಗುತ್ತದೆ.

ಇದೇ ಶ್ರದ್ಧೆ ಎಕ್ಸ್‌ಚೇಂಜಿಗೂ ಸಲ್ಲಬೇಕು. ಕೋಟೆಯ ಹೊರಗಿನ ಬ್ಲ್ಯಾಕ್ ಟೌನಿನಲ್ಲಿ ಬಟ್ಟೆ ನೇಯ್ದವರು, ಬಣ್ಣ ಹಾಕಿದವರು, ದುಭಾಷಿಗಳಾಗಿ ಲೆಕ್ಕ ಬರೆದವರು ಇಲ್ಲದೆ ಇಲ್ಲಿ ಮಾರಲು ಸರಕೇ ಇರುತ್ತಿರಲಿಲ್ಲ. ಮಹಡಿಯ ಚಿತ್ರಪಟಗಳಲ್ಲಿ ಅರ್ಧದಷ್ಟನ್ನು ಕೆಳಗಿಳಿಸಿ, ಆ ಹಾಲ್ ಅನ್ನು ಅವರ ವ್ಯಾಪಾರಕ್ಕೆ ಬಿಟ್ಟುಕೊಡಬಹುದು. ರಾಜ ರಾಣಿಯರು ಬೇರೆ ಕೋಣೆಯಲ್ಲಿ ಸುಧಾರಿಸಿಕೊಂಡಾರು.