ಟೆನ್ಸರ್ ಮೊದಲೋ, ವಸ್ತು ಮೊದಲೋ?

ಕಬ್ಬಿಣ, ನೀರು, ರಬ್ಬರು, ರಕ್ತನಾಳ ಯಾವುದೇ ಇರಲಿ, ಅಣುಗಳ ಗೊಡವೆಗೆ ಹೋಗದೆ ಅದನ್ನು ಅಖಂಡ ವಸ್ತುವೆಂದು ಭಾವಿಸಿ ಅದರ ಚಲನೆ, ವಿರೂಪ, ಬಲಗಳನ್ನು ವಿವರಿಸುವ ಶಾಸ್ತ್ರ ಕಂಟಿನ್ಯೂಮ್ ಮೆಕ್ಯಾನಿಕ್ಸ್. ಇದನ್ನು ಕಲಿಸುವ ಪುಸ್ತಕಗಳಲ್ಲಿ ಒಂದು ಪದ್ಧತಿ ಬೇರೂರಿದೆ: ಗಣಿತವನ್ನೆಲ್ಲ ಮೊದಲೇ ಮುಗಿಸುವುದು, ವಸ್ತುವಿನ ಮಾತು ಆಮೇಲೆ. ಮಾರ್ಟನ್ ಗರ್ಟಿನ್ ಅವರ 1981ರ ಹೆಸರಾಂತ ಪಠ್ಯದಲ್ಲಿ ಮೊದಲೆರಡು ಅಧ್ಯಾಯಗಳು ಟೆನ್ಸರ್‌ಗಳ ಬೀಜಗಣಿತ ಮತ್ತು ಕಲನಕ್ಕೆ ಮೀಸಲು. ಬೆಂಗಳೂರಿನ ಡಿ.ಎಸ್. ಚಂದ್ರಶೇಖರಯ್ಯ ಅವರು ಲೋಕನಾಥ್ ದೇಬನಾಥ್ ಜೊತೆಗೂಡಿ ಬರೆದ 1994ರ ಪುಸ್ತಕವೂ ಇದೇ ದಾರಿ ಹಿಡಿಯುತ್ತದೆ. ಎರಡೂ ಸಮರ್ಥ ಕೃತಿಗಳು. ಅವು ಕೇಳುವ ಗಣಿತ ಬೇಕಾದದ್ದೇ. ತಕರಾರಿರುವುದು ಕ್ರಮದ ಬಗ್ಗೆ. ಯಾವ ಪ್ರಶ್ನೆಗೆ ಉತ್ತರವೆಂದು ತಿಳಿಯದೆ ಕಲಿತ ಟೆನ್ಸರ್ ಬರೀ ಸಂಕೇತಗಳ ಕಸರತ್ತಾಗಿ ಉಳಿಯುತ್ತದೆ.

ಪ್ರಶ್ನೆ ಮೊದಲು, ಟೆನ್ಸರ್ ಆಮೇಲೆ ಎಂಬುದಕ್ಕೆ ಈ ಶಾಸ್ತ್ರ ಬೆಳೆದ ಬಗೆಯೇ ಸಾಕ್ಷಿ. 1822ರಲ್ಲಿ ಗಣಿತಜ್ಞ ಕೋಶಿ ಪ್ಯಾರಿಸ್ಸಿನ ಅಕಾಡೆಮಿಯ ಮುಂದೆ ಸ್ಟ್ರೆಸ್ಸಿನ, ಅಂದರೆ ವಸ್ತುವಿನೊಳಗಿನ ತಲದ ಮೇಲೆ ಏಕಮಾನ ವಿಸ್ತೀರ್ಣಕ್ಕೆ ಬೀಳುವ ಬಲದ, ಕಲ್ಪನೆಯನ್ನು ಮಂಡಿಸಿದ. ರಿಚಿ ಮತ್ತು ಲೆವಿ-ಚಿವಿಟಾ ಟೆನ್ಸರ್ ಕಲನವನ್ನು ವ್ಯವಸ್ಥಿತವಾಗಿ ಪ್ರಕಟಿಸಿದ್ದು 1900ರಲ್ಲಿ. ಕೋಶಿಯ ಹೆಸರಿನ ವಾದಕ್ಕೆ ಬೇಕಾದದ್ದು ಒಂದು ಪುಟ್ಟ ಚತುರ್ಮುಖಿ ಮಾತ್ರ. ಅದರ ಎತ್ತರ h ಆದರೆ, ಮುಖಗಳ ಮೇಲಿನ ಬಲಗಳು h²ಗೆ ಅನುಗುಣ. ಗುರುತ್ವ ಮತ್ತು ಜಡತ್ವದ ಪಾಲು h³ಗೆ ಅನುಗುಣ. h ಸೊನ್ನೆಯತ್ತ ಸರಿದಂತೆ ಎರಡನೆಯದು ನಗಣ್ಯವಾಗಿ, ನಾಲ್ಕು ಮುಖಗಳ ಬಲಗಳು ತಮ್ಮತಮ್ಮಲ್ಲೇ ಸರಿದೂಗಬೇಕಾಗುತ್ತದೆ. ಹಾಗಾಗಿ ಮೂರು ಮುಖಗಳ ಮೇಲಿನ ಬಲ ಗೊತ್ತಿದ್ದರೆ ಆ ಬಿಂದುವಿನಲ್ಲಿ ಎತ್ತ ಓರೆಯಾದ ತಲದ ಮೇಲಿನ ಬಲವೂ ಗೊತ್ತಾಗುತ್ತದೆ. ತಲದ ದಿಕ್ಕನ್ನು ಕೊಟ್ಟರೆ ಬಲವನ್ನು ಹೇಳುವ ಈ ರೇಖೀಯ ನಿಯಮವೇ ಸ್ಟ್ರೆಸ್ ಟೆನ್ಸರ್. ಇಲ್ಲಿ ಅದನ್ನು ಯಾರೂ ಹೇರಿಲ್ಲ, ಸಮತೋಲನವೇ ಅದನ್ನು ಹುಟ್ಟಿಸಿದೆ.

ಹಾಗಾದರೆ ಮೊದಲೇ ಇರಬೇಕಾದ ಗಣಿತ ಯಾವುದು? ಮುಖ್ಯವಾಗಿ ರೇಖೀಯ ಬೀಜಗಣಿತ, ಅದೂ ಅರ್ಥ ತಿಳಿದು ಕಲಿತದ್ದು. ಇಂಜಿನಿಯರಿಂಗ್ ವಿದ್ಯಾರ್ಥಿ ಮೊದಲ ವರ್ಷದಲ್ಲೇ ಐಗನ್ ವ್ಯಾಲ್ಯೂ ಲೆಕ್ಕ ಬಿಡಿಸುತ್ತಾನೆ, ಆದರೆ ಅದು ಡಿಟರ್ಮಿನೆಂಟಿನ ಯಾಂತ್ರಿಕ ವಿಧಿಯಾಗಿ ಮುಗಿಯುತ್ತದೆ. ಆ ಲೆಕ್ಕದ ಅರ್ಥ ಒಂದು ಸೀಮೆಸುಣ್ಣದಲ್ಲೇ ಕಾಣುತ್ತದೆ. ಅದನ್ನು ತಿರುಚಿ ಮುರಿದರೆ ಬಿರುಕು ಅಕ್ಷಕ್ಕೆ ಸುಮಾರು 45 ಡಿಗ್ರಿ ಓರೆಯಾಗಿ ಸುರುಳಿಯಂತೆ ಸಾಗುತ್ತದೆ. ತಿರುಚಿದಾಗ ಮೇಲ್ಮೈಯಲ್ಲಿರುವುದು ಶುದ್ಧ ಷಿಯರ್. ಅದರ ಮ್ಯಾಟ್ರಿಕ್ಸಿನ ಕರ್ಣದಲ್ಲಿ ಸೊನ್ನೆಗಳು, ಆಚೀಚೆ ಷಿಯರ್ ಸ್ಟ್ರೆಸ್ τ. ಐಗನ್ ವ್ಯಾಲ್ಯೂಗಳು +τ ಮತ್ತು −τ, ಅವುಗಳ ದಿಕ್ಕು 45 ಡಿಗ್ರಿ. ಎಳೆತಕ್ಕೆ ಬೇಗ ಸೋಲುವ ಸೀಮೆಸುಣ್ಣ +τ ದಿಕ್ಕಿಗೆ ಅಡ್ಡಲಾಗಿ ಸೀಳುತ್ತದೆ. ಮ್ಯಾಟ್ರಿಕ್ಸಿನಲ್ಲಿ ಇದನ್ನು ಓದಬಲ್ಲವನಿಗೆ ಟೆನ್ಸರ್ ಅಧ್ಯಾಯ ಭಾರವಾಗದು; ಓದಲಾಗದವನನ್ನು ಅದೊಂದೇ ದಡ ಸೇರಿಸದು.

ಗಣಿತವನ್ನು ಒಂದೆಡೆ ಕ್ರಮವಾಗಿ ಕಟ್ಟದಿದ್ದರೆ ಸಂಕೇತಗಳು ಚೆಲ್ಲಾಪಿಲ್ಲಿಯಾಗುತ್ತವೆ, ಪ್ರತಿ ಹೆಜ್ಜೆಗೂ ನಿಲ್ಲಬೇಕಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಗರ್ಟಿನ್ ಅವರ ಪ್ರಮೇಯಗಳ ಸಾಧನೆಗಳು ಚುಟುಕಾಗಿರುವುದು ಆ ಪೂರ್ವಸಿದ್ಧತೆಯಿಂದಲೇ. ಆದರೆ ಆ ಚುಟುಕುತನ ವಿಷಯ ಬಲ್ಲವರಿಗೆ ರುಚಿಸುವಷ್ಟು ಹೊಸಬರಿಗೆ ರುಚಿಸದು. ಗಣಿತದ ಆ ಅಧ್ಯಾಯಗಳು ಪುಸ್ತಕದ ಕೊನೆಗೆ ಅನುಬಂಧವಾಗಿ ಹೋದರೂ ಕ್ರಮ ಕೆಡುವುದಿಲ್ಲ. ವಕ್ರ ನಿರ್ದೇಶಾಂಕಗಳು ಬೇಡವೇ ಎಂದರೆ, ತೆಳು ಚಿಪ್ಪುಗಳ ಸಿದ್ಧಾಂತಕ್ಕೆ ಬೇಕು. ಮೊದಲ ಓದಿಗೆ ಕಾರ್ಟೀಸಿಯನ್ ಸಾಕು. ಈ ಶಾಸ್ತ್ರಕ್ಕೆ ಕೈಹಾಕುವವರು ರೇಖೀಯ ಪರಿವರ್ತನೆಗಳನ್ನೂ ಡೈವರ್ಜೆನ್ಸ್ ಪ್ರಮೇಯದವರೆಗಿನ ವೆಕ್ಟರ್ ಕಲನವನ್ನೂ ಗಟ್ಟಿಮಾಡಿಕೊಳ್ಳಲಿ. ಆಮೇಲೆ ಗಣಿತದ ಅಧ್ಯಾಯಗಳನ್ನು ದಾಟಿ ನೇರವಾಗಿ ಸ್ಟ್ರೆಸ್ ಅಧ್ಯಾಯವನ್ನು ತೆರೆಯಲಿ, ತಡವರಿಸಿದಲ್ಲಿ ಮಾತ್ರ ಹಿಂದಿರುಗಲಿ.