ಜಪಾನಿನ ಸೆಟ್ಟಿಗೆ ಮುಂಬೈ ಕೇಳಿಸಬೇಕಾದರೆ

ಹೊರದೇಶದಲ್ಲಿ ಓಡಿದ ಕಾರನ್ನು ಭಾರತಕ್ಕೆ ತರುವವರಿಗೆ ಆಮದು ನೀತಿ ತೆರೆದಿಟ್ಟಿರುವ ಬಾಗಿಲು ಒಂದೇ, ಅದು ಮುಂಬೈ ಬಂದರು. ಗಾಡಿ ತಯಾರಾಗಿ 3 ವರ್ಷ ಮೀರಿರಬಾರದು, ಸ್ಟೇರಿಂಗ್ ಬಲಕ್ಕಿರಬೇಕು, ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿ ತೋರಿಸಬೇಕು, ಹೆಡ್‌ಲೈಟಿನ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದಬೇಕು. ಇಷ್ಟನ್ನೆಲ್ಲ ಕೂಲಂಕಷವಾಗಿ ಬರೆದಿಟ್ಟಿರುವ ನಿಯಮದಲ್ಲಿ ಡ್ಯಾಶ್‌ಬೋರ್ಡಿನ ನಡುವೆ ಕೂತಿರುವ ಪರದೆಯ ಬಗ್ಗೆ ಒಂದು ಮಾತೂ ಇಲ್ಲ. ಸುಂಕ ಕಟ್ಟಿ, ತಪಾಸಣೆ ಮಾಡಿಸಿ, ಆರ್‌ಟಿಒ ಕೆಲಸ ಮುಗಿಸಿ, ಹೊಸ ನಂಬರ್ ಪ್ಲೇಟಿನೊಂದಿಗೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಗೆ ಬಂದ ಮೇಲೆಯೇ ಮಾಲೀಕರಿಗೆ ಅದರ ಬಿಸಿ ತಟ್ಟುವುದು. ಗಾಡಿ ಜಪಾನಿನದಾಗಿದ್ದು ಸೆಟ್ ಹಳೆಯ ಬಗೆಯದಾದರೆ ಎಫ್‌ಎಂ ಒತ್ತಿದೊಡನೆ 76ರಿಂದ 90ರವರೆಗೆ ಬರೀ ಸುಯ್ಯೆನ್ನುವ ಸದ್ದು. ಅಂಕಿ 90.0 ಮುಟ್ಟಿ ಮತ್ತೆ 76.0ಕ್ಕೆ ಹೋಗಿ ನಿಲ್ಲುತ್ತದೆ. ರೇಡಿಯೊ ಸಿಟಿ ಇರುವುದು 91.1ರಲ್ಲಿ. ರೆಡ್ ಎಫ್‌ಎಂ 93.5, ಮಿರ್ಚಿ 98.3. ಊರಿಡೀ ಮಾತಾಡುತ್ತಿರುವಾಗ ಈ ಕಾರಿನೊಳಗೆ ಮಾತ್ರ ಮೌನ.

ಸೆಟ್ಟು ಕೆಟ್ಟಿಲ್ಲ. ಜಪಾನಿನಲ್ಲಿ 90ರಿಂದ 108 ಮೆಗಾಹರ್ಟ್ಸ್‌ವರೆಗಿನ ಜಾಗ ದಶಕಗಳ ಕಾಲ ಟೆಲಿವಿಷನ್ನಿನ 1, 2, 3ನೇ ಚಾನೆಲ್‌ಗಳ ಪಾಲಾಗಿತ್ತು. ಹಾಗಾಗಿ ಅಲ್ಲಿ ಎಫ್‌ಎಂಗೆ ಉಳಿದದ್ದು 76ರಿಂದ 90. ನಮ್ಮಲ್ಲಿ 87.5ರಿಂದ 108. ಎರಡೂ ಸೇರುವ ಜಾಗ ಎರಡೂವರೆ ಮೆಗಾಹರ್ಟ್ಸ್ ಮಾತ್ರ. ಮುಂಬೈನ ಹೆಸರಾಂತ ನಿಲಯಗಳೆಲ್ಲ ಅದರಾಚೆ. 2011ರ ಜುಲೈ 24ರಂದು ಜಪಾನಿನ ಬಹುಭಾಗದಲ್ಲಿ ಹಳೆಯ ಅನಲಾಗ್ ಟಿವಿ ನಿಂತಿತು. ತೆರವಾದ ಜಾಗದಲ್ಲಿ 2014ರ ಕೊನೆಯಿಂದ 95ರವರೆಗೆ ಎಫ್‌ಎಂ ಹಬ್ಬಿತು. ಅದಕ್ಕೆ ಹೊಂದಿಸಿ ಮಾಡಿದ ಸೆಟ್ಟಾದರೆ ರೇಡಿಯೊ ಸಿಟಿ, ರೆಡ್ ಎಫ್‌ಎಂ ನೇರವಾಗಿಯೇ ಸಿಗುತ್ತವೆ. ಮಿರ್ಚಿ ಆಗಲೂ ಸಿಗದು.

ಇಂಥ ಕಾರು ಕುರ್ಲಾ–ಕಲೀನಾದ ಸಿಎಸ್‌ಟಿ ರೋಡಿನ ಅಂಗಡಿ ಸಾಲಿಗೆ ಹೋದರೆ ಮೊದಲು ಕೇಳಿಬರುವ ಸಲಹೆ, ಕಂಪನಿ ಸೆಟ್ ಕಿತ್ತು ದೊಡ್ಡ ಆಂಡ್ರಾಯ್ಡ್ ಸೆಟ್ ಹಾಕಿಸಿ ಎಂಬುದು. ಕೆಲಸ ಅರ್ಧ ದಿನದ್ದು, ಪರದೆ ಹೊಳೆಯುತ್ತದೆ, ರೇಡಿಯೊ ಹಾಡುತ್ತದೆ. ನಾನು ಇದನ್ನು ಖಂಡಿತ ಬೇಡ ಎನ್ನುವವನು. ಆಲ್ಫರ್ಡ್‌ನಂಥ ಜಪಾನಿ ವ್ಯಾನಿನಲ್ಲಿ ಕಂಪನಿ ಸೆಟ್ ಎಂದರೆ ಬರೀ ರೇಡಿಯೊ ಅಲ್ಲ. ರಿವರ್ಸ್ ಕ್ಯಾಮೆರಾದ ಗೆರೆ, ಸ್ಟೇರಿಂಗ್ ಮೇಲಿನ ಗುಂಡಿಗಳು, ಚಾವಣಿಯಿಂದ ಕೆಳಗಿಳಿಯುವ ಹಿಂಬದಿಯ ಪರದೆ, ಸೀಟಿನ ಕೆಳಗೆ ಅಡಗಿರುವ ಆಂಪ್ಲಿಫೈಯರ್ ಎಲ್ಲದರ ತಂತಿಯೂ ಒಂದೇ ಕಡೆ ಬಂದು ಸೇರಿರುತ್ತದೆ. ಆ ಕ್ಯಾಬಿನ್ನಿನ ಅಗಲ, ಸೀಟಿನ ಬಟ್ಟೆ, ಗಾಜಿನ ಇಳಿಜಾರು ಎಲ್ಲವನ್ನೂ ಅಳೆದು ಸ್ಪೀಕರುಗಳಿಗೆ ದನಿ ಹಂಚಿಟ್ಟವರು ಅದನ್ನು ಮಾಡಿದ ಎಂಜಿನಿಯರುಗಳು. ಅಗ್ಗದ ಸೆಟ್ ಹಾಕಿದ ದಿನದಿಂದ ಮೃದಂಗದ ಎಡಭಾಗದ ಗುಮುಕಿ ಸಪ್ಪೆಯಾಗುತ್ತದೆ, ಗಾಯಕರ ಸಕಾರ ಚುಚ್ಚುತ್ತದೆ. ಕಿವಿ ಇರುವವರಿಗೆ ಇದು ಸಣ್ಣ ನಷ್ಟವಲ್ಲ.

ಸೆಟ್ಟನ್ನು ಹಾಗೆಯೇ ಇಟ್ಟುಕೊಂಡು ರೇಡಿಯೊಗೆ ಮುಂಬೈ ಕೇಳಿಸಲು ಒಂದು ಪುಟ್ಟ ಡಬ್ಬಿ ಸಾಕು. ಅದರ ಹೆಸರು ಬ್ಯಾಂಡ್ ಎಕ್ಸ್‌ಪ್ಯಾಂಡರ್, ಗಾತ್ರದಲ್ಲಿ ಬೆಂಕಿಪೊಟ್ಟಣದಷ್ಟು. ಒಂದು ತುದಿಗೆ ಆಂಟೆನಾ ಕೇಬಲ್ ಬಂದು ಸೇರುತ್ತದೆ, ಇನ್ನೊಂದು ತುದಿಯಿಂದ ಹೊರಟ ಕೇಬಲ್ ಸೆಟ್ಟಿಗೆ ಹೋಗುತ್ತದೆ. ಕರೆಂಟಿಗೆ ಕೆಂಪು, ಕಪ್ಪು ಎರಡು ತಂತಿ. ಒಳಗಿನ ಹರಳು ಒಂದೇ ಕಂಪನಾಂಕದಲ್ಲಿ ಮಿಡಿಯುತ್ತ ಆಂಟೆನಾದಿಂದ ಬಂದ ಪ್ರತಿ ನಿಲಯದಿಂದಲೂ ಅಷ್ಟನ್ನು ಕಳೆದು ಕೆಳಕ್ಕಿಳಿಸುತ್ತದೆ. ಡಬ್ಬಿ 14 ಮೆಗಾಹರ್ಟ್ಸ್ ಇಳಿಸುವಂಥದ್ದು ಎಂದಿಟ್ಟುಕೊಳ್ಳಿ. ರೇಡಿಯೊ ಸಿಟಿ 77.1ರಲ್ಲಿ, ರೆಡ್ ಎಫ್‌ಎಂ 79.5ರಲ್ಲಿ, ಮಿರ್ಚಿ 84.3ರಲ್ಲಿ, ಆಕಾಶವಾಣಿಯ 100.7 ಈಗ 86.7ರಲ್ಲಿ. 104ರ ಫೀವರ್ ಸರಿಯಾಗಿ 90.0ರ ಅಂಚಿನಲ್ಲಿ ಕೂರುತ್ತದೆ. ಆದರೆ ಆಕಾಶವಾಣಿ ರೇನ್‌ಬೋ 107.1ರಲ್ಲಿದೆ; 14 ಕಳೆದರೂ 93.1, ಹಳೆಯ ಸೆಟ್ಟಿಗೆ ಎಟುಕದು. ಅದೇ ಬೇಕೆಂದು 18 ಇಳಿಸುವ ಡಬ್ಬಿ ಹಾಕಿದರೆ ರೇನ್‌ಬೋ 89.1ಕ್ಕೆ ಬರುತ್ತದೆ, ರೇಡಿಯೊ ಸಿಟಿಯೂ ರೆಡ್ ಎಫ್‌ಎಂ ಕೂಡ 76ಕ್ಕಿಂತ ಕೆಳಗೆ ಬಿದ್ದುಹೋಗುತ್ತವೆ. 14 ಮೆಗಾಹರ್ಟ್ಸ್ ಅಗಲದ ಕಿಟಕಿಯಲ್ಲಿ ನಮ್ಮ 20.5 ಮೆಗಾಹರ್ಟ್ಸ್ ಅಗಲದ ಪಟ್ಟಿ ಪೂರ್ತಿ ಕಾಣುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನೀವು ನಿಜವಾಗಿ ಕೇಳುವ ನಿಲಯಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಕಳೆಯುವ ಲೆಕ್ಕ ಹಾಕಿ. 95ರವರೆಗೆ ಹೋಗುವ ಹೊಸ ಸೆಟ್ ಇದ್ದವರಿಗೆ ಈ ಪೇಚಿಲ್ಲ. 14ರ ಡಬ್ಬಿಯಲ್ಲಿ ರೇನ್‌ಬೋ ಕೂಡ ದಕ್ಕುತ್ತದೆ.

ಡಬ್ಬಿ ಹಾಕಿಸಿದ ಮೇಲೂ ದನಿ ಕ್ಷೀಣ ಎಂಬ ದೂರು ಬಹಳ ಕೇಳಿದ್ದೇನೆ. ಹೆಚ್ಚಿನ ಸಲ ತಪ್ಪು ಡಬ್ಬಿಯದಲ್ಲ. ಈಗಿನ ಕಾರುಗಳ ಆಂಟೆನಾ ಹಿಂಬದಿ ಗಾಜಿನಲ್ಲಿಯೋ ಚಾವಣಿಯ ಮೇಲಿನ ಗಿಡ್ಡ ರೆಕ್ಕೆಯಲ್ಲಿಯೋ ಇರುತ್ತದೆ, ಅದರ ಬುಡದಲ್ಲಿ ಸಣ್ಣ ಬೂಸ್ಟರ್ ಇರುತ್ತದೆ. ಎಷ್ಟೋ ಗಾಡಿಗಳಲ್ಲಿ ಆ ಬೂಸ್ಟರಿಗೆ ಕರೆಂಟು ಹೋಗುವುದು ಅದೇ ಆಂಟೆನಾ ಕೇಬಲಿನ ಮೂಲಕ. ನಡುವೆ ಡಬ್ಬಿ ಬಂದರೆ ಕರೆಂಟು ಅಲ್ಲೇ ನಿಲ್ಲುತ್ತದೆ. ಸೆಟ್ಟಿನ ಕಡೆಯ ಕೇಬಲಿನ ನಡುಪಿನ್ನಿಗೆ ಮೀಟರ್ ಹಿಡಿದು 12 ವೋಲ್ಟ್ ಬರುತ್ತಿದೆಯೇ ಎಂದು ನೋಡುವ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ. ಬರುತ್ತಿದ್ದರೆ ಬೂಸ್ಟರಿಗೆ ಬೇರೆ ತಂತಿ ಎಳೆಯಬೇಕು, ಅಷ್ಟೇ. ಇನ್ನೊಂದು ಮಾತು: ಯಾವ ತಂತಿಯನ್ನೂ ಕತ್ತರಿಸಿ ಟೇಪ್ ಸುತ್ತಲು ಬಿಡಬೇಡಿ. ಎರಡೂ ಕಡೆ ಸರಿಯಾದ ಕಪ್ಲರ್ ಇರುವ ಜೋಡಣೆ ಕೇಳಿ. ಮುಂಬೈ ಮಳೆಗಾಲದ ತೇವಕ್ಕೆ ಟೇಪಿನೊಳಗಿನ ತಾಮ್ರ ಹಸಿರುಗಟ್ಟುವುದು ಬೇಗ.

ಡಬ್ಬಿ ಬರುವವರೆಗೆ ಸುಮ್ಮನೆ ಕೂರಬೇಕಿಲ್ಲ, ಎಎಂ ಗುಂಡಿ ಒತ್ತಿ. ಮೀಡಿಯಂ ವೇವ್‌ನಲ್ಲಿ ಜಪಾನೂ ಭಾರತವೂ 9 ಕಿಲೋಹರ್ಟ್ಸ್ ಅಂತರದ ಒಂದೇ ಪದ್ಧತಿ ಅನುಸರಿಸುತ್ತವೆ. ಮುಂಬೈ ಆಕಾಶವಾಣಿಯ 558, 1044, ವಿವಿಧ ಭಾರತಿಯ 1188 ಮೂರೂ ಜಪಾನಿನ ಸೆಟ್ಟಿನಲ್ಲಿ ಕರಾರುವಾಕ್ಕಾಗಿ ನಿಲ್ಲುತ್ತವೆ. ಮಾಟುಂಗಾದಲ್ಲೋ ಡೊಂಬಿವಿಲಿಯಲ್ಲೋ ಇರುವ ಕನ್ನಡಿಗರಿಗೆ ಇದರಲ್ಲೊಂದು ವಿಶೇಷ ಲಾಭವಿದೆ. ಸೂರ್ಯ ಮುಳುಗಿದ ಮೇಲೆ ಮೀಡಿಯಂ ವೇವ್ ಮೇಲಿನ ವಾಯುಮಂಡಲಕ್ಕೆ ತಾಗಿ ಮರಳಿ ದೂರದೂರಕ್ಕೆ ಬೀಳುತ್ತದೆ. 765ಕ್ಕೆ ತಿರುಗಿಸಿ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿಯ ಜಾಗ ಅದು. ದನಿ ಏರುತ್ತ ಇಳಿಯುತ್ತ ಬಂದೀತು. ಹೈಬ್ರಿಡ್ ಗಾಡಿಯ ಇನ್ವರ್ಟರ್ ನಡುನಡುವೆ ಗರಗರ ಎಂದೀತು. ನನ್ನ ಮಟ್ಟಿಗೆ ಕಾರಿನ ರೇಡಿಯೊ ಕೊಡುವ ಸುಖಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಅಮೆರಿಕದ ಪದ್ಧತಿಗೆ ಮಾಡಿದ ಸೆಟ್ಟಿನ ಕಥೆ ತಿರುವುಮುರುವು. ಎಫ್‌ಎಂ ಪಟ್ಟಿ ಹೆಚ್ಚುಕಡಿಮೆ ನಮ್ಮದೇ, ಆದರೆ ಅದು 0.2ರ ಹೆಜ್ಜೆಯಲ್ಲಿ 87.9, 88.1, 88.3 ಎಂದು ನಡೆಯುತ್ತದೆ. 91.1, 93.5, 98.3, 107.1 ಎಲ್ಲ ಬೆಸಸಂಖ್ಯೆಯಲ್ಲಿ ಮುಗಿಯುವುದರಿಂದ ಸಿಗುತ್ತವೆ. 104.0 ಮಾತ್ರ 103.9ಕ್ಕೂ 104.1ಕ್ಕೂ ನಡುವೆ ಸಿಕ್ಕಿಕೊಂಡು ಒರಟಾಗಿ ಕೇಳುತ್ತದೆ. ಎಎಂ ಹೆಜ್ಜೆ 10 ಕಿಲೋಹರ್ಟ್ಸ್ ಆದ್ದರಿಂದ 1044 ಬದಲು 1040ರಲ್ಲಿ ನಿಲ್ಲಬೇಕಾಗುತ್ತದೆ. ಇಂಥ ಸೆಟ್ಟುಗಳಲ್ಲಿ ಹೆಚ್ಚಿನವು ಜಗತ್ತಿನ ಎಲ್ಲ ಪಟ್ಟಿಗಳನ್ನೂ ಹಿಡಿಯಬಲ್ಲವು, ದೇಶ ಯಾವುದೆಂಬುದು ಸಾಫ್ಟ್‌ವೇರಿನ ಒಂದು ಸೆಟ್ಟಿಂಗ್. ಸ್ಟೇರಿಂಗಿನ ಕೆಳಗಿನ ಓಬಿಡಿ ಸಾಕೆಟಿಗೆ ಲ್ಯಾಪ್‌ಟಾಪ್ ಜೋಡಿಸಿ ಅದನ್ನು ಬದಲಿಸುವ ಕೋಡಿಂಗ್ ಬಲ್ಲವರು ಮುಂಬೈನಲ್ಲಿ ಸಿಗುತ್ತಾರೆ. ಅಲ್ಲಿ ಡಬ್ಬಿಯ ಮಾತೇ ಬೇಡ.

ಬ್ರಿಟನ್ನಿನಿಂದ ಬಂದ ಜರ್ಮನ್ ಕಾರುಗಳಲ್ಲಿ ಎಫ್‌ಎಂ ತೊಂದರೆ ಕೊಡುವುದಿಲ್ಲ; ಅವುಗಳ ಡಿಎಬಿ ಎಂಬ ಡಿಜಿಟಲ್ ರೇಡಿಯೊ ಟ್ಯೂನರಿಗೆ ಮಾತ್ರ ಇಲ್ಲಿ ಕೆಲಸವಿಲ್ಲ. ಅಲ್ಲಿ ನೋಡಬೇಕಾದದ್ದು ಒಳಗಿನ ಜೋಡಣೆ. ಬಿಎಂಡಬ್ಲ್ಯು 2001ರಲ್ಲಿ ತನ್ನ 7 ಸೀರೀಸಿಗೆ ‘ಮೋಸ್ಟ್’ ಎಂಬ ಆಪ್ಟಿಕಲ್ ಫೈಬರಿನ ಜಾಲ ಹಾಕಿತು, ಬೇರೆಯವರೂ ಹಿಂಬಾಲಿಸಿದರು. ಸೆಟ್, ಆಂಪ್ಲಿಫೈಯರ್, ಸಿಡಿ ಚೇಂಜರ್, ಟ್ಯೂನರ್ ಎಲ್ಲವೂ ಒಂದು ಬಳೆಯಲ್ಲಿ ಸೇರಿರುತ್ತವೆ. ಒಂದು ಕಪ್ಲರ್ ಎಳೆದರೆ ಫೈಬರಿನ ತುದಿಯಲ್ಲಿ ಕೆಂಪು ಬೆಳಕು ಕಣ್ಣಿಗೇ ಕಾಣುತ್ತದೆ. ಹಾಡೆಲ್ಲ ಹರಿಯುವುದು ಆ ಬೆಳಕಿನಲ್ಲೇ. ಯಾವುದೋ ಒಂದು ಡಬ್ಬಿ ಸತ್ತರೆ ಬಳೆ ತುಂಡಾಗಿ ಇಡೀ ಕಾರು ಮೂಕ. ಪೂರಾ ಸಿಸ್ಟಮ್ ಹೋಗಿದೆ ಎಂದು ಹೆದರಿಸುವವರಿದ್ದಾರೆ. ಸತ್ತ ಡಬ್ಬಿಯನ್ನು ಬಿಟ್ಟು ಆ ಜಾಗಕ್ಕೆ ಫೈಬರಿನ ಚಿಕ್ಕ ಕುಣಿಕೆ ಸಿಕ್ಕಿಸಿದರೆ ಬಳೆ ಮತ್ತೆ ಕೂಡುತ್ತದೆ. ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊ ಬೇಕೆನ್ನುವವರಿಗೂ ಪರದೆ ಬದಲಿಸುವ ಅಗತ್ಯವಿಲ್ಲ. ಸೆಟ್ಟಿಗೂ ಪರದೆಗೂ ನಡುವಿನ ವಿಡಿಯೊ ಕೇಬಲಿನಲ್ಲಿ ಕೂರುವ ಇಂಟರ್‌ಫೇಸ್ ಡಬ್ಬಿಗಳು ಬಂದಿವೆ. ಬೇಡವಾದ ದಿನ ತೆಗೆದರೆ ಗಾಡಿ ಮೊದಲಿದ್ದ ಹಾಗೆಯೇ.

ಮತ್ತೆ ಜಪಾನಿನ ಸೆಟ್ಟಿಗೆ ಬಂದರೆ, ಅದರ ನಕ್ಷೆಯಲ್ಲಿ ಮುಂಬೈನ ಬೈಕಲಾ ಸಿಗುವುದಿಲ್ಲ. ಅದರ ಟಿವಿ ಟ್ಯೂನರ್ ಅಲ್ಲಿಯ ಡಿಜಿಟಲ್ ಪದ್ಧತಿಯದು, ನಮ್ಮ ದೂರದರ್ಶನದ ಡಿವಿಬಿ-ಟಿ2 ಹಿಡಿಯದು. ಡಿವಿಡಿ ವಲಯ ಜಪಾನಿಗೆ 2, ನಮಗೆ 5. ಇವುಗಳ ಹಿಂದೆ ಹಣ ಸುರಿಯಬೇಡಿ. ಜಿಪಿಎಸ್ ನೋಡಿ ತಾನೇ ಸರಿಹೋಗುವ ಗಡಿಯಾರ ಕೆಲವು ಸೆಟ್ಟುಗಳಲ್ಲಿ ಟೋಕಿಯೊ ಸಮಯವನ್ನೇ ತೋರಿಸುತ್ತದೆ, ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ಮೆನುವಿನಲ್ಲಿ ಸಮಯ ಹೊಂದಿಸುವ ಅವಕಾಶ ಇದ್ದರೂ ಅರ್ಧ ಗಂಟೆಯ ಹೆಜ್ಜೆ ಇದೆಯೇ ಎಂದು ನೋಡಿ. ಹಾಡುಗಳಿಗೆ ಬ್ಲೂಟೂತ್ ಎಲ್ಲ ದೇಶಕ್ಕೂ ಒಂದೇ. ಪೆನ್‌ಡ್ರೈವಿನಲ್ಲಿ ಹಾಡು ತುಂಬುವವರು ಮಾತ್ರ ಒಂದು ಕೆಲಸ ಮಾಡಬೇಕು. ಆ ಸೆಟ್ಟಿನ ಫಾಂಟಿನಲ್ಲಿ ಜಪಾನಿ ಅಕ್ಷರವಿದೆ, ರೋಮನ್ ಇದೆ, ಕನ್ನಡವಿಲ್ಲ. ಒತ್ತಕ್ಷರದ ಮಾತಿರಲಿ, ‘ಅ’ ಕೂಡ ಚೌಕವಾಗಿ ಕಾಣುತ್ತದೆ. ಫೈಲಿನ ಹೆಸರನ್ನೂ ಒಳಗಿನ ಟ್ಯಾಗನ್ನೂ ರೋಮನ್ ಲಿಪಿಯಲ್ಲಿ ಬರೆದುಕೊಳ್ಳಿ. ಇಷ್ಟು ಚೆಂದದ ಪರದೆಯ ಮೇಲೆ ದಾಸರ ಪದದ ಹೆಸರು ನಮ್ಮ ಲಿಪಿಯಲ್ಲಿ ಬಾರದಲ್ಲ ಎಂಬ ಕೊರಗು ನನಗಿದೆ. ಫೋನಿನಿಂದ ಬರುವ ಕಾರ್‌ಪ್ಲೇಯಲ್ಲಿ ಕನ್ನಡ ಸರಿಯಾಗಿಯೇ ಕಾಣುತ್ತದೆ. ಇಂಟರ್‌ಫೇಸ್ ಡಬ್ಬಿಗೆ ದುಡ್ಡು ಹಾಕಲು ನನಗೆ ಇದೊಂದೇ ಕಾರಣ ಸಾಕು.

ಗಾಡಿ ಓಡುವಾಗಲೂ ಮುಂದಿನ ಪರದೆಯಲ್ಲಿ ಸಿನಿಮಾ ಬರುವಂತೆ ಮಾಡಿಕೊಡುತ್ತೇವೆ ಎಂದು ಹ್ಯಾಂಡ್‌ಬ್ರೇಕಿನ ತಂತಿಯನ್ನು ಅರ್ಥಿಂಗಿಗೆ ಕೊಡುವವರಿದ್ದಾರೆ. ಅದನ್ನು ಮಾಡಿಸಬೇಡಿ. ಸೀ ಲಿಂಕ್ ಮೇಲೆ ನಿಮ್ಮ ಪಕ್ಕದಲ್ಲಿ ಇನ್ನೊಬ್ಬರ ಕುಟುಂಬ ಹೋಗುತ್ತಿರುತ್ತದೆ. ಸಿನಿಮಾ ಹಿಂದಿನ ಸೀಟಿನ ಪರದೆಗೆ ಇರಲಿ.

ಕೆಲಸಕ್ಕೆ ಗಾಡಿ ಕೊಡುವ ಮೊದಲು ಬ್ಯಾಟರಿಯ ವಿಷಯ ಹೇಳಿಬಿಡಿ. ಬ್ಯಾಟರಿ ಕಳಚಿದರೆ ಕೆಲವು ಜಪಾನಿ ಸೆಟ್ಟುಗಳು ಬೀಗ ಹಾಕಿಕೊಂಡು ಪಾಸ್‌ವರ್ಡ್ ಕೇಳುತ್ತವೆ. ನಕ್ಷೆಯ ಎಸ್‌ಡಿ ಕಾರ್ಡ್ ಎಳೆದರೆ ರೇಡಿಯೊವನ್ನೂ ಬಿಡದೆ ನಿಲ್ಲಿಸುವ ಸೆಟ್ಟುಗಳಿವೆ. ಜಪಾನಿನ ನಕ್ಷೆ ಏಕೆ ಬೇಕೆಂದು ಆ ಕಾರ್ಡನ್ನು ಬಿಸಾಡಬೇಡಿ, ಅದರ ಜಾಗದಲ್ಲೇ ಇರಲಿ. ಬ್ಯಾಟರಿ ಬದಲಿಸುವಾಗ ಇನ್ನೊಂದು ಬ್ಯಾಟರಿಯಿಂದ 12 ವೋಲ್ಟ್ ಕೊಡುತ್ತಲೇ ಬದಲಿಸಲು ಹೇಳಿ. ಬೀಗ ಬಿದ್ದೇಬಿಟ್ಟರೆ ಗುಂಡಿಗಳನ್ನು ಮನಬಂದಂತೆ ಒತ್ತದೆ, ಪರದೆಯ ಮೇಲೆ ಮೂಡಿರುವ ಅಕ್ಷರ ಅಂಕಿಗಳ ಫೋಟೊ ತೆಗೆದುಕೊಳ್ಳಿ. ಬೀಗ ತೆಗೆಯುವವರು ಮೊದಲು ಕೇಳುವುದು ಅದನ್ನೇ.